ಬಿಸಿಲಿಗಿಂತ ಸೆಕೆ ಮೋಸ

"ಕಲಬುರಗಿ ಬಿಸಿಲು ಕಂಡವನಿಗೆ ಮುಂಬೈ ಬಿಸಿಲು ಯಾವ ಲೆಕ್ಕ?" ಎನ್ನುವವರು ನಿಮ್ಮಲ್ಲೂ ಇದ್ದೀರಿ. ಲೆಕ್ಕ ಇದೆ. ಒಣ ಬಿಸಿಲಲ್ಲಿ ಬೆವರು ಬೇಗ ಆರುತ್ತದೆ, ಆರುವಾಗ ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಮುಂಬೈ, ಚೆನ್ನೈಗಳ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಬರೀ ಸುರಿಯುತ್ತದೆ. ಅಂಗಿ ಒದ್ದೆ, ಮೈ ಮಾತ್ರ ತಣ್ಣಗಾಗದು. ನಮ್ಮ ಕರಾವಳಿಯವರು ಸೆಕೆ ಎನ್ನುವುದು ಇದನ್ನೇ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್‌ಘರ್‌ನಲ್ಲಿ ಬಯಲು ಸಮಾರಂಭಕ್ಕೆ ಬಂದು ಬಿಸಿಲಲ್ಲಿ ಕುಳಿತವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಂದು ಉಷ್ಣತೆ 38 ಡಿಗ್ರಿಯ ಆಸುಪಾಸು, ಅಷ್ಟೇ.

ಮೊದಲು ಬರುವುದು ಬಳಲಿಕೆ. ತಲೆನೋವು, ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ, ವಿಪರೀತ ಬೆವರು. ನೆರಳಿಗೆ ಬಂದು ಮಲಗಿ, ಕಾಲು ತುಸು ಎತ್ತರಿಸಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣುತ್ತದೆ. ಕಾಣದಿದ್ದರೆ ಡಾಕ್ಟರರ ಬಳಿ ಹೋಗಿ.

ಆದರೆ ಮಾತು ತೊದಲತೊಡಗಿತೇ? ನಡೆಯುವಾಗ ತೂರಾಡುತ್ತಿದ್ದಾರೆಯೇ? ತಮ್ಮ ಮನೆ ಎಲ್ಲಿದೆ ಎಂದು ಕೇಳಿದರೆ ಏನೇನೋ ಹೇಳುತ್ತಿದ್ದಾರೆಯೇ? ಕುಡಿದಿದ್ದಾರೆ ಎಂದು ದಾಟಿ ಹೋಗಬೇಡಿ. ಇದು ಹೀಟ್ ಸ್ಟ್ರೋಕ್. ಮೈಯ ಉಷ್ಣತೆ 40 ಡಿಗ್ರಿ ದಾಟಿ, ಮಿದುಳಿಗೇ ಶಾಖ ತಟ್ಟಿದೆ. ಬೆವರು ನಿಂತಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಎಂಬ ಹಳೆಯ ಮಾತನ್ನು ನಂಬಿ ಕೂರಬೇಡಿ, ಬೆವರುತ್ತಲೇ ಕುಸಿದವರೂ ಇದ್ದಾರೆ.

108 ಅಥವಾ 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಂಪು ಮಾಡಲು ತೊಡಗಿ. ಟ್ರಾಫಿಕ್ಕಿನಲ್ಲಿ ಅದು ಎಷ್ಟು ಹೊತ್ತಿಗೆ ಬಂದೀತು ಎಂಬುದು ನಿಮಗೇ ಗೊತ್ತು. ದಪ್ಪ ಬಟ್ಟೆ ತೆಗೆದು, ಮೈತುಂಬ ನೀರು ಸುರಿದು, ಪೇಪರಿನಿಂದಲೋ ಸೆರಗಿನಿಂದಲೋ ಬಿಡದೆ ಗಾಳಿ ಬೀಸಿ. ಎಳನೀರಿನ ಅಂಗಡಿಯಲ್ಲಿ ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಪಾಪ ಎಂದು ಬಾಯಿಗೆ ನೀರು ಹುಯ್ಯುವುದು ನಮ್ಮ ಜನರ ಅಭ್ಯಾಸ, ಅದು ಶ್ವಾಸಕೋಶಕ್ಕೆ ಇಳಿದೀತು. ಪ್ಯಾರಸಿಟಮಾಲ್ ಕೂಡ ಬೇಡ. ಇದು ಸೋಂಕಿನ ಜ್ವರವಲ್ಲ, ಆ ಮಾತ್ರೆ ಇಲ್ಲಿ ಕೆಲಸ ಮಾಡದು.

ಇನ್ನೊಂದು ಮಾತು. ರಜೆಗೆಂದು ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಹೊಸ ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಎಲಿಫೆಂಟಾ, ಮರೀನಾ ಎಲ್ಲ ಆಮೇಲೆ ತೋರಿಸಿ, ಅದೂ ಬೆಳಗಿನ ಹೊತ್ತು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರರನ್ನು ಈಗಲೇ ಕೇಳಿಡಿ.