ಕೆರೆಗೂ ಕಡಲಿಗೂ ಒಂದೇ ಗಾಳದ ಕೋಲು

ಮಳೆಗಾಲ ಹಿಂದೆ ಸರಿದು ಕೋಡಿ ನಿಂತಿತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕೆರೆದಂಡೆಗಳಲ್ಲಿ ಗಾಳದವರು ಕಾಣಿಸಿಕೊಳ್ಳುತ್ತಾರೆ. ಆಳೆತ್ತರ ಮೀರಿದ ಬಿದಿರು ಕೋಲು, ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ತಂಗೂಸಿ, ಒಂದು ಬೆಂಡು, ಸೀಸದ ಗುಂಡು, ಕೊಕ್ಕೆಗೆ ಎರೆಹುಳು. ಜಿಲೇಬಿ ಮೀನಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ದಂಡೆಯಿಂದ ದೂರದ ಕಾಟ್ಲಾಕ್ಕೋ ಬಾಳೆಮೀನಿಗೋ ಆಸೆಪಟ್ಟವರಿಗೆ ರೀಲು ಬೇಕೆನಿಸುತ್ತದೆ. ರೀಲು ಕೈಗೆ ಬಂದವರಿಗೆ ಕಡಲೂ ಕರೆಯುತ್ತದೆ. ಹಾನಗಲ್ಲಿನಿಂದ ಶಿರಸಿ ಹಾಯ್ದು ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಘನಾಶಿನಿಯ ಅಳಿವೆ. ಅಲ್ಲಿಂದ ತೆಂಕಣಕ್ಕೆ ಹೊನ್ನಾವರ, ಕಾಂಡ್ಲಾ ಗಿಡಗಳ ನಡುವೆ ಕಯಾಕಿನಲ್ಲಿ ಕೂತು ಸಾಗಬಹುದಾದ ಶರಾವತಿಯ ಹಿನ್ನೀರು. ಕೆರೆಗೊಂದು, ಕಡಲಿಗೊಂದು ಎಂದು ಎರಡು ಜೋಡಿ ಕೊಳ್ಳುವಷ್ಟು ದುಡ್ಡು ಎಲ್ಲರಲ್ಲೂ ಇರುವುದಿಲ್ಲ. ಒಂದೇ ಜೋಡಿ ಕೊಳ್ಳುವುದಾದರೆ ಅದನ್ನು ಉಪ್ಪುನೀರಿನ ಲೆಕ್ಕದಲ್ಲಿ ಆರಿಸಬೇಕು. ಉಪ್ಪಿಗೆ ತಡೆದದ್ದು ಕೆರೆಯಲ್ಲಿ ನಿಶ್ಚಿಂತೆಯಾಗಿ ಬಾಳುತ್ತದೆ. ಕೆರೆಗೆಂದು ಕೊಂಡದ್ದು ಕಡಲಿಗೆ ಹೋಗಿ ಬಂದ ವಾರದಲ್ಲೇ ಕಿರುಗುಟ್ಟತೊಡಗಬಹುದು.

ಗಾಳವೆಂದರೆ ಹೊತ್ತು ಕಳೆಯುವವರ ಕೆಲಸ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಪಾನುಂಗಲ್ಲಿನ ಕದಂಬರು, ಅಂದರೆ ಇಂದಿನ ಹಾನಗಲ್ಲಿನವರು, ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಕಾಲದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ರಾಜನ ವಿನೋದಗಳನ್ನು ವಿವರಿಸುವ ಆ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯವಿದೆ. ಸಿಹಿನೀರಿನವು, ಕಡಲಿನವು ಸೇರಿ ಸುಮಾರು 35 ಬಗೆಯ ಮೀನುಗಳು, ಅವಕ್ಕೆ ಮೇವು ಹಾಕಿ ಕೊಬ್ಬಿಸುವ ಕ್ರಮ, ಗಾಳ ಹಾಕುವ ವಿಧಾನ, ಎಲ್ಲವನ್ನೂ ಆತ ಬರೆದಿಟ್ಟಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಕೆರೆಯ ಮೀನನ್ನೂ ಕಡಲ ಮೀನನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದ ದೊರೆಯ ಸೀಮೆಯವರು ಒಂದೇ ಕೋಲಿನಲ್ಲಿ ಎರಡನ್ನೂ ಬಯಸಿದರೆ ತಪ್ಪೇನಿಲ್ಲ.

ಸೋಮೇಶ್ವರನ ಕಾಲದಲ್ಲಿ ಇಲ್ಲದಿದ್ದ ಯಂತ್ರವೆಂದರೆ ಈಗಿನ ಸ್ಪಿನ್ನಿಂಗ್ ರೀಲು. ಅದರ ಹುಟ್ಟು ಗಿರಣಿಯಲ್ಲಿ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿ ಮನೆತನದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದರ ಪೇಟೆಂಟ್ ಪಡೆದ. ಗಿರಣಿಯ ಕಂಡಿಕೆ ಅಲುಗದೆ ನಿಂತಿರುತ್ತದೆ, ನೂಲು ಅದರ ತಲೆಯ ಕಡೆಯಿಂದ ಸುರುಳಿ ಬಿಚ್ಚುತ್ತ ಹರಿಯುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ನಡೆಯುವುದೂ ಇದೇ. ಬೀಸಿದಾಗ ಸ್ಪೂಲು ತಿರುಗಬೇಕಿಲ್ಲ, ದಾರವಷ್ಟೇ ಜಾರಿ ಹೋಗುತ್ತದೆ. ಆದ್ದರಿಂದಲೇ ಹಗುರ ಗುಂಡನ್ನೂ ದೂರ ಎಸೆಯಬಹುದು, ಹೊಸಬರ ಕೈಯಲ್ಲೂ ದಾರ ಗೋಜಲಾಗುವುದು ಕಡಿಮೆ. ಮೊದಲ ರೀಲಿಗೆ ಇದೇ ಸರಿ.

ಅಂಗಡಿಯಲ್ಲಿ ಡಬ್ಬಿಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಬೇರಿಂಗುಗಳ ಸಂಖ್ಯೆ. ಹತ್ತು, ಹದಿಮೂರು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದಕ್ಕೆ ಮರುಳಾಗಬೇಡಿ. ಅಗ್ಗದ ಹನ್ನೊಂದು ಬೇರಿಂಗುಗಳೆಂದರೆ ಉಪ್ಪು ತುಕ್ಕು ಹಿಡಿಸಲು ಹನ್ನೊಂದು ಜಾಗಗಳು. ಒಳ್ಳೆಯ ಮೂರೋ ನಾಲ್ಕೋ ಇದ್ದರೆ ಸಾಕು. ರೀಲಿನ ಜೀವ ಇರುವುದು ಡ್ರ್ಯಾಗಿನಲ್ಲಿ. ಸ್ಪೂಲಿನ ನೆತ್ತಿಯ ಮೇಲಿನ ತಿರುಪನ್ನು ಬಿಗಿದಾಗ ಒಳಗಿನ ಬಿಲ್ಲೆಗಳು ಒಂದನ್ನೊಂದು ಒತ್ತುತ್ತವೆ. ಮೀನು ಜಗ್ಗಿದಾಗ ಆ ಒತ್ತಡವನ್ನು ಮೀರಿ ಸ್ಪೂಲು ತಿರುಗಿ ದಾರ ಬಿಟ್ಟುಕೊಡುತ್ತದೆ. ಗಾಳಿಪಟ ಹಾರಿಸುವವನು ಬಿರುಗಾಳಿ ಬೀಸಿದಾಗ ಬೆರಳ ಸಂದಿಯಿಂದ ದಾರವನ್ನು ತಡೆತಡೆದು ಬಿಡುತ್ತಾನಲ್ಲ, ಆ ಬೆರಳುಗಳ ಕೆಲಸವನ್ನು ಈ ಬಿಲ್ಲೆಗಳು ಮಾಡುತ್ತವೆ. ಒಂದೇ ಹದದಲ್ಲಿ ಬಿಟ್ಟರೆ ಮೀನು ಸುಸ್ತಾಗುತ್ತದೆ. ತಡೆದು ತಡೆದು ಜರ್ಕು ಹೊಡೆದರೆ ದಾರ ಹರಿಯುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಚೀಲ ತೂಗುವ ಚಿಕ್ಕ ಸ್ಪ್ರಿಂಗ್ ತಕ್ಕಡಿಯೊಂದನ್ನು ಜೊತೆಗೆ ಒಯ್ಯಿರಿ. ರೀಲಿಗೆ ದಾರ ಸುತ್ತಿಸಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ ನಿಧಾನವಾಗಿ ಎಳೆಯಿರಿ. ಎಂಟು ಕಿಲೋ ತಾಳುವ ದಾರವಾದರೆ ಡ್ರ್ಯಾಗನ್ನು ಎರಡು ಕಿಲೋ ಆಸುಪಾಸಿಗೆ, ಅಂದರೆ ಕಾಲು ಭಾಗಕ್ಕೆ ಹೊಂದಿಸಿ. ಹೆಚ್ಚೆಂದರೆ ಮೂರನೇ ಒಂದು ಭಾಗ. ಅದಕ್ಕಿಂತ ಬಿಗಿ ಬೇಡ. ಈಗ ಮುಳ್ಳನ್ನು ನೋಡಿ. ದಾರ ಹೊರಡುವಾಗ ಮುಳ್ಳು ಎರಡರ ಹತ್ತಿರ ನಿಂತು ಅಲ್ಲೇ ಸಣ್ಣಗೆ ನಡುಗುತ್ತಿದ್ದರೆ ರೀಲು ಒಳ್ಳೆಯದು. ಮೂರೂವರೆಗೆ ಜಿಗಿದು, ಒಂದೂವರೆಗೆ ಬಿದ್ದು, ಮತ್ತೆ ಜಿಗಿದರೆ ಬೇರೆ ರೀಲು ಕೇಳಿ. ಹಾಗೆಯೇ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ. ಕೂದಲೆಳೆಯಷ್ಟೂ ಸಡಿಲ ಇರಬಾರದು.

ಗಾತ್ರದ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೆಚ್ಚಿನ ಕಂಪನಿಗಳು 1000ದಿಂದ ಮೇಲಕ್ಕೆ ಅಂಕಿ ಕೊಡುತ್ತವೆ. ಕೆರೆ, ಅಳಿವೆ ಎರಡಕ್ಕೂ 3000 ಅಥವಾ 4000 ನಡುವಿನ ದಾರಿ. 5.2:1 ಎಂದು ಬರೆದಿದ್ದರೆ ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದಾಗ ರೋಟರು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ ಎಂದರ್ಥ. ನಾಲ್ಕೂವರೆ ಸೆಂಟಿಮೀಟರ್ ಅಡ್ಡಗಲದ ಸ್ಪೂಲಿನಲ್ಲಿ ಅದು ಮುಕ್ಕಾಲು ಮೀಟರಿನಷ್ಟು ದಾರ. ಈ ಕೆಲಸಕ್ಕೆ ಅಷ್ಟು ವೇಗ ಸಾಕು.

ಇನ್ನು ಉಪ್ಪು. ಕಯಾಕಿನಲ್ಲಿ ಕೂತವರ ಸೊಂಟ ನೀರಿನ ಮಟ್ಟದಿಂದ ಹೆಚ್ಚು ಮೇಲಿರುವುದಿಲ್ಲ, ಆದ್ದರಿಂದ ರೀಲು ಮತ್ತೆ ಮತ್ತೆ ತೋಯುತ್ತದೆ. ಮೊದಲು ಕೈಕೊಡುವುದು ದಾರ ಹಾಯುವ ಚಿಕ್ಕ ಉರುಳೆ, ಲೈನ್ ರೋಲರ್. ಉಪ್ಪಿನ ಹರಳು ಕಟ್ಟಿ ಅದು ನಿಂತುಬಿಟ್ಟರೆ ದಾರ ಅದರ ಮೇಲೆ ಉಜ್ಜಿ ಸವೆಯುತ್ತದೆ. ಕೊಳ್ಳುವಾಗ ಬೆರಳ ತುದಿಯಿಂದ ಅದನ್ನು ತಿರುಗಿಸಿ ನೋಡಿ. ಗ್ರಾಫೈಟ್ ಒಡಲಿಗೆ ತುಕ್ಕಿಲ್ಲ, ಬೆಲೆಯೂ ಕಡಿಮೆ. ದೊಡ್ಡ ಮೀನಿಗೆ ತುಸು ಬಾಗುತ್ತದೆ. ಲೋಹದ ಒಡಲು ಗಟ್ಟಿ. ಆದರೆ ಅಲ್ಯೂಮಿನಿಯಮ್ಮಿಗೆ ಸ್ಟೀಲ್ ತಿರುಪು ಕೂತಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತದೆ. ಕೈ ಬಿಗಿ ಇರುವವರಿಗೆ ಗ್ರಾಫೈಟೇ ಲೇಸು.

ಕೋಲಿನ ಮಾತಿಗೆ ಬಂದರೆ ಬಿದಿರನ್ನು ಹಗುರವಾಗಿ ನೋಡಬಾರದು. ಬುಡ ಗಟ್ಟಿ, ತುದಿ ಬಳುಕು, ನಡುವೆ ಎಲ್ಲೂ ಬಿರುಕಿಲ್ಲದ ಇಳಿಕೆ: ಕಾರ್ಖಾನೆಯ ಕೋಲು ಹುಡುಕುವುದೂ ಇದೇ ಗುಣವನ್ನು. ಗಾಜಿನೆಳೆಯ ಕೋಲು ತೂಕ, ಆದರೆ ಬಡಿಸಿಕೊಂಡರೂ ಮುರಿಯದು. ಕಾರ್ಬನ್ ಕೋಲು ಗರಿಯಷ್ಟು ಹಗುರ, ಮೀನು ಮೂಸಿದ್ದೂ ಕೈಗೆ ತಿಳಿಯುತ್ತದೆ. ದೋಣಿಯ ಅಂಚಿಗೆ ಬಡಿದರೆ ಮಾತ್ರ ಸೀಳುತ್ತದೆ. ಎರಡೂ ಬೆರೆತ ಮಧ್ಯಮ ಬಲದ ಕೋಲು ಬಡವರ ಪಾಲಿಗೆ ಒಳ್ಳೆಯ ಒಪ್ಪಂದ. ಉದ್ದ ಏಳು ಅಡಿ ಸಾಕು. ಮೀನು ಕಯಾಕಿನ ಮೂತಿ ಸುತ್ತಿ ಆಚೆ ಬದಿಗೆ ಓಡಿದಾಗ ಕೋಲಿನ ತುದಿ ಮೂತಿಯನ್ನು ದಾಟಬೇಕು, ಅದಕ್ಕಿಂತ ಗಿಡ್ಡದ್ದು ದಾಟದು. ಇನ್ನೂ ಉದ್ದವಾದರೆ ಕೂತಲ್ಲಿಂದ ಮೀನನ್ನು ಪಕ್ಕಕ್ಕೆ ತರುವುದು ಕಷ್ಟ. ಎರಡು ತುಂಡಿನದನ್ನೇ ಆರಿಸಿ. ಬಿಚ್ಚಿದರೆ ಮೂರೂವರೆ ಅಡಿ, ಶಿರಸಿ ಬಸ್ಸಿನಲ್ಲಿ ಯಾರಿಗೂ ತಗಲದು.

ಕೋಲಿನ ಉಂಗುರಗಳ ಪರೀಕ್ಷೆಗೆ ನಮ್ಮ ಹೊಲದ ಹತ್ತಿಯೇ ಸಾಕು. ಹಿಂಜಿದ ಒಂದೆಳೆಯನ್ನು ಪ್ರತಿ ಉಂಗುರದೊಳಗೂ ಸವರಿಕೊಂಡು ಬನ್ನಿ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ, ಅದು ದಾರವನ್ನು ಕೊಯ್ಯುತ್ತದೆ.

ನಮ್ಮ ಸೀಮೆಯಲ್ಲಿ ಕಯಾಕ್ ಇಲ್ಲದಿದ್ದರೂ ಹರಿಗೋಲು ಹೊಸದಲ್ಲ. ವರದಾ ಹೋಗಿ ಸೇರುವ ತುಂಗಭದ್ರೆಯಲ್ಲಿ ಅದು ಬಹುಕಾಲದ ವಾಹನ. ಹರಿಗೋಲಿನಲ್ಲಿ ಕಾಲೂರಿ ನಿಂತು ಜಗ್ಗುವಂತಿಲ್ಲ. ಜಗ್ಗಿದರೆ ಮೀನಿನ ಬದಲು ಹರಿಗೋಲೇ ತಿರುಗುತ್ತದೆ. ಕಯಾಕಿನಲ್ಲೂ ಇದೇ ಪಾಠ. ಮೀನು ದೋಣಿಯನ್ನು ಸ್ವಲ್ಪ ಎಳೆದುಕೊಂಡು ಹೋಗಲಿ, ಆ ಎಳೆತದಲ್ಲೇ ಅದರ ಕಸುವು ಇಳಿಯುತ್ತದೆ. ಅದಕ್ಕೇ ಇಲ್ಲಿ ದೈತ್ಯ ರೀಲು ಬೇಕಾಗುವುದಿಲ್ಲ. ಕೋಲನ್ನು ಹಗ್ಗದಿಂದ ದೋಣಿಗೆ ಕಟ್ಟಿ. ಈಜು ಬಂದರೂ ಲೈಫ್ ಜಾಕೆಟ್ ಬಿಡಬೇಡಿ.

ಮನೆಗೆ ಬಂದ ಮೇಲೆ ಡ್ರ್ಯಾಗನ್ನು ಬಿಗಿದು, ಸಿಹಿನೀರನ್ನು ಮೆಲ್ಲಗೆ ಸುರಿದು ರೀಲು ತೊಳೆಯಿರಿ. ಪೈಪಿನ ರಭಸ ಬೇಡ, ಅದು ಉಪ್ಪನ್ನು ಒಳಕ್ಕೆ ನೂಕುತ್ತದೆ. ನೆರಳಲ್ಲಿ ಒಣಗಿಸಿ, ಉರುಳೆಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು, ಡ್ರ್ಯಾಗ್ ಸಡಿಲಿಸಿ ಇಡಿ. ಕೊಬ್ಬರಿ ಎಣ್ಣೆ ಜಿಗುಟಾಗುತ್ತದೆ, ಮುಟ್ಟಿಸಬೇಡಿ.

ಐದು ಸಾವಿರ ರೂಪಾಯಿ ಕೈಯಲ್ಲಿದ್ದರೆ ಅರ್ಧವನ್ನು ರೀಲಿಗೆ ಹಾಕಿ, ಉಳಿದದ್ದರಲ್ಲಿ ಹೆಚ್ಚಿನದನ್ನು ಕೋಲಿಗೆ, ಮಿಕ್ಕಿದ್ದನ್ನು ಒಳ್ಳೆಯ ದಾರ, ಕೊಕ್ಕೆಗಳಿಗೆ. ದಾರದಲ್ಲಿ ಮಾತ್ರ ಜಿಪುಣತನ ಬೇಡ. ಮತ್ತೆ, ಕೆರೆಗೆ ಇಳಿಯುವ ಮುನ್ನ ಅದರ ಮೀನು ಪಾಶುವಾರು ಹಕ್ಕು ಯಾರದೆಂದು ಕೇಳಿಕೊಳ್ಳಿ. ಮರಿ ಬಿತ್ತಿ ಬೆಳೆಸಿದವರ ಒಪ್ಪಿಗೆ ಇಲ್ಲದೆ ಎಷ್ಟು ಒಳ್ಳೆಯ ರೀಲಿನಿಂದ ಹಿಡಿದರೂ ಆ ಮೀನು ನಿಮ್ಮದಲ್ಲ.