ಕಾಫಿ ಡೇ ಅಂಗಡಿಗಳ ಏಳುಬೀಳು
(ಅರ್ಥಶಾಸ್ತ್ರದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ಕಾಫಿಯನ್ನು ಕುರಿತು ಬರೆಯಹೊರಟವರು ಬಾಬಾಬುಡನ್ ತಂದ ಏಳು ಬೀಜಗಳಿಂದಲೇ ಆರಂಭಿಸಬೇಕೆಂಬುದು ನಮ್ಮಲ್ಲಿ ಒಂದು ಸಂಪ್ರದಾಯವಾಗಿಬಿಟ್ಟಿದೆ. ಆ ಕಥೆಯನ್ನು ವಾಚಕರು ಬಲ್ಲರಾದುದರಿಂದ ಅದನ್ನು ಅಲ್ಲಿಗೇ ಬಿಟ್ಟು, ಅದೇ ಚಿಕ್ಕಮಗಳೂರಿನ ಸೀಮೆಯಿಂದ ಹೊರಟು ದೇಶವನ್ನೆಲ್ಲ ವ್ಯಾಪಿಸಿ, ಮತ್ತೆ ಕುಗ್ಗಿಹೋದ ಒಂದು ಅಂಗಡಿಯ ಸಂಗತಿಯನ್ನು ಹೇಳುತ್ತೇನೆ. ಕೆಫೆ ಕಾಫಿ ಡೇ ಎಂಬ ಕೆಂಪು ಫಲಕದ ಅಂಗಡಿಗಳು 2019ರಲ್ಲಿ 1,700ಕ್ಕೂ ಮಿಕ್ಕಿ ಇದ್ದವು. 2023ರ ಮಾರ್ಚಿನಲ್ಲಿ ಉಳಿದುದು 469. ಜನರೇನು ಕಾಫಿ ಕುಡಿಯುವುದನ್ನು ಬಿಟ್ಟರೇ? ಖಂಡಿತವಾಗಿಯೂ ಇಲ್ಲ. ಹಾಗಾದರೆ ಆದುದೇನು?

ಇದನ್ನರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಳೆಗಾರನು ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಿಲ್ಲದ ಕಾಲವೊಂದಿದ್ದಿತು. ಮನೆಬಳಕೆಗೆ ಒಂದಿಷ್ಟು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಿ, ಹಣ ಕಂತು ಕಂತಾಗಿ ಬರುವುದನ್ನು ಕಾಯುತ್ತ ಕೂರಬೇಕಾಗಿದ್ದಿತು. 1992ರಿಂದ ಈ ಕಟ್ಟು ಸಡಿಲವಾಗುತ್ತ ಬಂದು, 1996ರ ವೇಳೆಗೆ ಸಂಪೂರ್ಣವಾಗಿ ಬಿಚ್ಚಿಹೋಯಿತು. ತೋಟದ ಮನೆತನದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಷೇರುಪೇಟೆಯ ವ್ಯವಹಾರ ಕಲಿತು ಬಂದ ವಿ. ಜಿ. ಸಿದ್ಧಾರ್ಥ ಅವರು ಈ ಬದಲಾವಣೆಯನ್ನು ಇತರರಿಗಿಂತ ಮೊದಲೇ ಅರ್ಥಮಾಡಿಕೊಂಡರು. ಮೊದಲು ಬೀಜದ ರಫ್ತು. ಆ ಬಳಿಕ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲನೆಯ ಅಂಗಡಿ.

ನಮ್ಮ ಹೋಟೆಲುಗಳ ರೀತಿ ಎಲ್ಲರಿಗೂ ಗೊತ್ತೇ ಇದೆ. ಲೋಟ ಬರಿದಾಯಿತೋ ಇಲ್ಲವೋ, ಮೇಜು ಒರೆಸುವ ಹುಡುಗ ಬಂದು ನಿಲ್ಲುತ್ತಾನೆ. ಅವನ ಬಟ್ಟೆಯೇ ನಮಗೆ ಎದ್ದುಹೋಗುವ ಅಪ್ಪಣೆ! ಈ ಹೊಸ ಅಂಗಡಿಯಲ್ಲಾದರೋ ಎರಡು ಗಂಟೆ ಕುಳಿತರೂ ಕೇಳುವವರಿಲ್ಲ. ಗೆಳೆಯರ ಹರಟೆ, ನೌಕರಿಯ ಸಂದರ್ಶನ, ಹೆಣ್ಣುಗಂಡುಗಳು ಪರಸ್ಪರ ನೋಡುವ ಶಾಸ್ತ್ರ ಎಲ್ಲವೂ ಅಲ್ಲೇ. ಮಾರುತ್ತಿದ್ದುದು ಕಾಫಿಯಲ್ಲ, ಕುರ್ಚಿ ಎಂದರೆ ತಪ್ಪಾಗಲಾರದು. ಆದರೆ ಕುರ್ಚಿಗೆ ಬಾಡಿಗೆಯುಂಟು. ಪೇಟೆಯ ಮುಖ್ಯ ಬೀದಿಯಲ್ಲಿ ಜಾಗ ಹಿಡಿದವನಿಗೆ ಬೀಜ, ಹಾಲು, ಸಕ್ಕರೆಗಳ ವೆಚ್ಚಕ್ಕಿಂತ ಬಾಡಿಗೆಯದೇ ಚಿಂತೆ. ಒಂದು ಬಟ್ಟಲು ಕಾಫಿಗೆ ಇಡೀ ಸಂಜೆ ಕಳೆಯುವ ಗಿರಾಕಿ ಅಂಗಡಿಗೆ ಶೋಭೆಯೇ ಹೊರತು ಆದಾಯವಲ್ಲ.

ಇಷ್ಟಾದರೂ ಸಂಸ್ಥೆಯನ್ನು ಕೆಡವಿದುದು ಈ ಗಿರಾಕಿಯಲ್ಲ, ಸಾಲ. ಅಂಗಡಿಗಳನ್ನು ಸಾಲುಸಾಲಾಗಿ ತೆರೆದುದಲ್ಲದೆ ಹೋಟೆಲು, ಸರಕು ಸಾಗಣೆ, ಬೆಂಗಳೂರಿನ ಹೊರವಲಯದಲ್ಲಿ ತಂತ್ರಜ್ಞಾನದ ಕಂಪನಿಗಳಿಗಾಗಿ ದೊಡ್ಡ ಕಟ್ಟಡಗಳು, ಹೀಗೆ ಹಣ ನಾನಾ ಕಡೆ ಹರಿಯಿತು. ಇಂಥ ಆಸ್ತಿಗಳು ಫಲ ಕೊಡುವುದಕ್ಕೆ ವರ್ಷಗಳು ಬೇಕು. ಬಡ್ಡಿಯಾದರೋ ತಿಂಗಳು ತಿಂಗಳೂ ಬಾಗಿಲು ತಟ್ಟುತ್ತದೆ. ಕಾಫಿಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಕಾಯಬೇಕೆಂಬುದನ್ನು ಬಲ್ಲ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರಲ್ಲಿ ಷೇರುಗಳನ್ನು ತಲಾ 328 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿ 1,150 ಕೋಟಿ ಎತ್ತಿದರೂ ಹೊರೆ ಇಳಿಯಲಿಲ್ಲ. 2019ರ ಮಾರ್ಚಿನಲ್ಲಿ ಒಟ್ಟು ಸಾಲ 7,000 ಕೋಟಿಗೂ ಮೀರಿದ್ದಿತು. ಅದೇ ವರ್ಷ ಮೈಂಡ್‌ಟ್ರೀ ಕಂಪನಿಯಲ್ಲಿದ್ದ ತಮ್ಮ ಪಾಲನ್ನು ಸುಮಾರು 3,200 ಕೋಟಿಗೆ ಮಾರಿದರು. ಅದೂ ಸಾಲಲಿಲ್ಲ.

ಜುಲೈ 29ರ ಸಂಜೆ ಸಿದ್ಧಾರ್ಥರು ಮಂಗಳೂರಿನ ಬಳಿಯ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. 31ರ ಬೆಳಿಗ್ಗೆ ನದಿಯಲ್ಲಿ ಅವರ ದೇಹ ದೊರೆಯಿತು. ಆ ದಿನ ಮಲೆನಾಡು ಮರುಗಿತು.

ಮರುಕ ಬೇರೆ, ಲೆಕ್ಕ ಬೇರೆ. ಕಂಪನಿಯ ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಸಂಸ್ಥಾಪಕರ ಕುಟುಂಬಕ್ಕೆ ಸೇರಿದ ತೋಟದ ಕಂಪನಿಯೊಂದಕ್ಕೆ ಹೋಗಿದ್ದಿತೆಂದು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2023ರ ಜನವರಿಯ ಆಜ್ಞೆಯಲ್ಲಿ ಹೇಳಿ, 26 ಕೋಟಿ ದಂಡ ವಿಧಿಸಿತು. ಷೇರು ಕೊಂಡ ಸಾಮಾನ್ಯನಿಗೆ ಇದೊಂದೂ ಮೊದಲು ಕಾಣಿಸಿರಲಿಲ್ಲ. ಒಂದು ಮನೆಯ ಎರಡು ಕಿಸೆಗಳಂತೆ ಕಂಡ ಹಣ ಕಾನೂನಿನ ದೃಷ್ಟಿಯಲ್ಲಿ ಎರಡು ಬೇರೆ ಯಜಮಾನರ ಹಣ. ನಮ್ಮ ಪಠ್ಯಪುಸ್ತಕಗಳಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗುವ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಆಮೇಲೆ 2020ರಲ್ಲಿ ಸಾಂಕ್ರಾಮಿಕ ಬಂದು ಕುರ್ಚಿಗಳೇ ಬರಿದಾದವು. ಕುರ್ಚಿ ಮಾರುವ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟೇನಿದ್ದೀತು? ಆ ವರ್ಷದ ಡಿಸೆಂಬರಿನಲ್ಲಿ ಆಡಳಿತ ವಹಿಸಿಕೊಂಡ ಅವರ ಪತ್ನಿ ಮಾಳವಿಕಾ ಹೆಗ್ಡೆಯವರ ಕಾಲದಲ್ಲಿ ನಷ್ಟದ ಅಂಗಡಿಗಳನ್ನು ಮುಚ್ಚಲಾಯಿತು. ಬೆಂಗಳೂರಿನ ಕಟ್ಟಡಗಳನ್ನೂ ಮಾರಿದುದರಿಂದ 2021ರ ಮಾರ್ಚಿನ ವೇಳೆಗೆ ಸಾಲ 2,000 ಕೋಟಿಗಿಂತ ಕೆಳಕ್ಕಿಳಿದಿದ್ದಿತು. ಮುಚ್ಚಿದ ಒಂದೊಂದು ಅಂಗಡಿಯ ಹಿಂದೆಯೂ ಸಂಬಳದ ಒಂದಷ್ಟು ಹುಡುಗ ಹುಡುಗಿಯರಿದ್ದರು. ಅವರಲ್ಲಿ ನಮ್ಮಂತೆಯೇ ಹಳ್ಳಿಗಳಿಂದ ಬಂದು, ಚಿಕ್ಕಮಗಳೂರಿನಲ್ಲಿ ತರಬೇತಿ ಪಡೆದು, ಹಿಂದೆ ಕಂಡರಿಯದ ಊರುಗಳಲ್ಲಿ ಕಾಫಿಯ ನೊರೆ ಎಬ್ಬಿಸುತ್ತಿದ್ದವರೂ ಉಂಟು. ಅವರ ಲೆಕ್ಕ ಯಾವ ಆಯವ್ಯಯ ಪತ್ರಿಕೆಯಲ್ಲಿಯೂ ಇಲ್ಲ.