ಕೆರೆ ನೀರನ್ನು ಬೆಳಗಿನ ಜಾವವೇ ಯಾಕೆ ಅಳೆಯಬೇಕು?

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಇಂಥ ಸಾವಿನ ಸುಳಿವು ಎಷ್ಟೋ ಸಲ ನೀರಲ್ಲಿ ಮೊದಲೇ ಇರುತ್ತೆ. ಆದರೆ ಅಳೆಯೋರು ಎಷ್ಟು ಗಂಟೆಗೆ ಬರ್ತಾರೆ ಅನ್ನೋದೇ ಪ್ರಶ್ನೆ.

ಒಳಚರಂಡಿ ನೀರು ಸೇರಿದ ಕೆರೆಯಲ್ಲಿ ಪಾಚಿ ಹೆಚ್ಚುತ್ತೆ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ ಎರಡೂ ಅದನ್ನೇ ಬಳಸಿಕೊಳ್ಳುತ್ತವೆ. ಹಾಗಾಗಿ ನೀರಲ್ಲಿ ಕರಗಿದ ಆಮ್ಲಜನಕ ತೀರಾ ಕಡಿಮೆಯಾಗೋದು ಸೂರ್ಯ ಹುಟ್ಟೋ ಹೊತ್ತಿಗೆ. ಮೀನುಗಾರಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ. ಮಧ್ಯಾಹ್ನ ಪಾಸಾಗುವ ಕೆರೆ ಬೆಳಗಿನ ಜಾವ ಫೇಲಾಗಬಹುದು.

ಯಾವಾಗಲೋ ಒಮ್ಮೆ ಹಗಲಲ್ಲಿ ತೆಗೆದ ಸ್ಯಾಂಪಲ್ ಇದನ್ನು ಹೇಳಲ್ಲ. ಕೆರೆ ಪಕ್ಕದಲ್ಲೇ ಇರೋ ನೀವು ಹೇಳಬಹುದು. ಒಂದು ಟೆಸ್ಟ್ ಕಿಟ್, ಒಂದು ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ, ಅದೇ ಜಾಗ, ಅದೇ ಸಮಯ. ನೀರಿನ ತಾಪಮಾನ, ಹಿಂದಿನ ದಿನದ ಮಳೆ ಬರೆದಿಡಿ. ಬಾಟಲಿಯನ್ನು ನೀರೊಳಗೇ ಮುಚ್ಚಿ. ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತೆ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ.

ನಿಮ್ಮ ನೋಟ್‌ಬುಕ್ ಕೋರ್ಟಿನಲ್ಲಿ ಸರ್ಕಾರಿ ಲ್ಯಾಬ್ ವರದಿಗೆ ಸಮ ಅಲ್ಲ, ನಿಜ. ಆದರೆ 1974ರ ಜಲ ಕಾಯ್ದೆಯ ಸೆಕ್ಷನ್ 49ರಡಿ, ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ದೂರು ಹೂಡಬಹುದು. ಆಗ ಮಂಡಳಿ ತನ್ನ ವರದಿಗಳನ್ನೂ ಕೊಡಬೇಕು. ಸಾರ್ವಜನಿಕ ಹಿತದ ಕಾರಣಕ್ಕಷ್ಟೇ ನಿರಾಕರಿಸಬಹುದು. ಯಾವ ರಾಜಕಾಲುವೆ, ಯಾವ ದಿನ, ಎಷ್ಟು ಗಂಟೆ ಅಂತ ಆ ನೋಟಿಸಲ್ಲಿ ಬರೆಯೋಕೆ ಬೇಕಾಗೋದೇ ನಿಮ್ಮ ಅಂಕಿಗಳು.